ಸಿಸ್ಟಂನಲ್ಲಿ ಹಂಗೇ ತೋರಿಸ್ತಿದೆ!

ಬ್ಯಾಂಕಿಗೆ ಹೋಗಿ, ನಾಡಕಚೇರಿಗೆ ಹೋಗಿ, ಕರೆಂಟ್ ಬಿಲ್ ಕಟ್ಟೋ ಕೌಂಟರಿಗೆ ಹೋಗಿ. ‘ನಾನು ಆಗಲೇ ಕಟ್ಟಿದ್ದೀನಲ್ಲ ಸಾರ್’ ಅಂತ ರಸೀದಿ ಹುಡುಕುತ್ತಾ ನಿಂತರೆ, ಗಾಜಿನ ಆಚೆಯಿಂದ ಬರೋ ಉತ್ತರ ಎಲ್ಲ ಕಡೆ ಒಂದೇ. ‘ಸಿಸ್ಟಂನಲ್ಲಿ ಹಂಗೇ ತೋರಿಸ್ತಿದೆ. ನಾವೇನ್ ಮಾಡೋಕಾಗುತ್ತೆ?’

ಅಲ್ಲಿಗೆ ಮಾತು ಮುಗೀತು. ಮನುಷ್ಯರ ಜೊತೆ ಜಗಳ ಆಡಬಹುದು, ಸಿಸ್ಟಂ ಜೊತೆ ಹೇಗೆ ಆಡೋದು?

ನಾನು ಆ ಸಿಸ್ಟಂ ಬರೆಯುವವರ ಪೈಕಿ. ಏಳು ವರ್ಷದಿಂದ ಹೊಟ್ಟೆಪಾಡಿಗೆ ಅದೇ ಕೆಲಸ. ಹಾಗಾಗಿ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ಸಿಸ್ಟಂನಲ್ಲಿ ತೋರಿಸೋದೆಲ್ಲ ನಿಜ ಅಲ್ಲ. ಅದರಲ್ಲಿ ಒಂದಷ್ಟು ಭಾಗ, ಶುಕ್ರವಾರ ಸಂಜೆ ಊರಿನ ಬಸ್ಸು ತಪ್ಪುತ್ತೆ ಅನ್ನೋ ಆತುರದಲ್ಲಿ ನಮ್ಮಂಥವರು ಬರೆದ ಕೋಡು. ಈ ವಿಷಯ ನಮಗೆ ಗೊತ್ತು. ಟೀಮಿನಲ್ಲಿ ನಗಾಡಿಕೊಂಡು ಮಾತಾಡ್ತೀವಿ. ಆದರೆ ನ್ಯಾಯಾಧೀಶರಿಗೆ ಇದು ಗೊತ್ತಿಲ್ಲದೆ ಹೋದರೆ ಏನಾಗುತ್ತೆ?

ಬ್ರಿಟನ್ನಿನಲ್ಲಿ ಆಗಿಹೋಗಿದೆ. ಒಬ್ಬಿಬ್ಬರಿಗಲ್ಲ, 900ಕ್ಕೂ ಹೆಚ್ಚು ಜನರಿಗೆ.

ಅಲ್ಲಿನ ಹಳ್ಳಿ, ಸಣ್ಣ ಊರುಗಳ ಅಂಚೆ ಕಚೇರಿಗಳನ್ನು ನಡೆಸೋರು ಸರ್ಕಾರಿ ನೌಕರರಲ್ಲ. ನಮ್ಮ ಕಡೆ ದಿನಸಿ ಅಂಗಡಿಯವರು ಒಂದು ಮೂಲೆಯಲ್ಲಿ ಜೆರಾಕ್ಸ್ ಮೆಷಿನ್ ಇಟ್ಟುಕೊಂಡಿರ್ತಾರಲ್ಲ, ಹಾಗೆ ಅಲ್ಲಿ ಅಂಗಡಿಯ ಒಂದು ಮಗ್ಗುಲಲ್ಲಿ ಪೋಸ್ಟ್ ಆಫೀಸ್ ಕೌಂಟರ್. ಪಿಂಚಣಿ ಕೊಡೋದು, ಸ್ಟ್ಯಾಂಪ್ ಮಾರೋದು, ಹಣ ಕಟ್ಟಿಸಿಕೊಳ್ಳೋದು. ಇವರನ್ನು ಸಬ್ ಪೋಸ್ಟ್‌ಮಾಸ್ಟರ್ ಅಂತಾರೆ. ಎಷ್ಟೋ ಜನ ಜೀವಮಾನದ ಉಳಿತಾಯ ಹಾಕಿ, ಸಾಲ ಮಾಡಿ ಈ ಅಂಗಡಿಗಳನ್ನು ಕೊಂಡವರು.

1999-2000ರ ಹೊತ್ತಿಗೆ ಈ ಕಚೇರಿಗಳಿಗೆಲ್ಲ ‘ಹೊರೈಜನ್’ ಅನ್ನೋ ಸಾಫ್ಟ್‌ವೇರ್ ಬಂತು. ಐಸಿಎಲ್ ಕಂಪನಿ ಮಾಡಿದ್ದು, ಆಮೇಲೆ ಆ ಕಂಪನಿ ಫುಜಿತ್ಸು ಹೆಸರಿಗೆ ಬದಲಾಯಿತು. ಪೇಪರಿನ ಲೆಕ್ಕ ಹೋಗಿ ಕಂಪ್ಯೂಟರ್ ಲೆಕ್ಕ ಬಂದಮೇಲೆ ವಿಚಿತ್ರವೊಂದು ಶುರುವಾಯಿತು. ಸಂಜೆ ಗಲ್ಲಾ ಎಣಿಸಿದರೆ ದುಡ್ಡು ಕಮ್ಮಿ. ಇರಬೇಕಾದ್ದು ಇಷ್ಟು ಅಂತ ಸ್ಕ್ರೀನ್ ಹೇಳುತ್ತೆ, ಡ್ರಾಯರಿನಲ್ಲಿ ಅಷ್ಟಿಲ್ಲ.

ಸೀಮಾ ಮಿಶ್ರಾ ಅವರ ಕಥೆ ಕೇಳಿ. ಭಾರತದ ಮೂಲದವರು. 2005ರಲ್ಲಿ ಗಂಡ ಹೆಂಡತಿ ಸೇರಿ ಸರೇ ಪ್ರಾಂತ್ಯದ ವೆಸ್ಟ್ ಬೈಫ್ಲೀಟ್ ಅನ್ನೋ ಊರಿನಲ್ಲಿ ಪೋಸ್ಟ್ ಆಫೀಸ್ ಇರೋ ಅಂಗಡಿ ತಗೊಂಡರು. ಲೆಕ್ಕ ಕೂಡಿಬರಲಿಲ್ಲ. ಹೆಲ್ಪ್‌ಲೈನಿಗೆ ಫೋನ್ ಮಾಡಿದರು. ಕೆಲಸದವರು ಕದೀತಿದಾರೇನೋ ಅಂತ ಅನುಮಾನಪಟ್ಟರು. ಅಂಗಡಿ ವ್ಯಾಪಾರದ ದುಡ್ಡು ತಂದು ಗಲ್ಲಾಕ್ಕೆ ಹಾಕಿದರು, ನೆಂಟರ ಹತ್ತಿರ ಸಾಲ ತಂದರು. ಗುಂಡಿ ಮುಚ್ಚಿದಷ್ಟೂ ಆಳ ಆಯ್ತು. 2008ರಲ್ಲಿ ಆಡಿಟ್‌ನವರು ಬಂದಾಗ ಕೊರತೆ 74,000 ಪೌಂಡಿಗೂ ಮೇಲೆ. ಆಗಿನ ಲೆಕ್ಕದಲ್ಲಿ ಐವತ್ತು ಲಕ್ಷ ರೂಪಾಯಿಗೂ ಜಾಸ್ತಿ.

ಕಳ್ಳತನದ ಕೇಸು ಬಿತ್ತು. 2010ರ ನವೆಂಬರ್‌ನಲ್ಲಿ ಹದಿನೈದು ತಿಂಗಳ ಜೈಲು ಶಿಕ್ಷೆ ಆಯ್ತು. ಆಗ ಅವರು ಎರಡು ತಿಂಗಳ ಗರ್ಭಿಣಿ. ಶಿಕ್ಷೆ ಆದ ದಿನ ಮೊದಲ ಮಗನ ಹತ್ತನೇ ಹುಟ್ಟುಹಬ್ಬ. ಕೆಲವು ತಿಂಗಳ ನಂತರ ಹೊರಗೆ ಬಂದರೂ, ಎರಡನೇ ಮಗನನ್ನು ಹೆರುವಾಗ ಮೈಮೇಲೆ ಎಲೆಕ್ಟ್ರಾನಿಕ್ ಟ್ಯಾಗ್ ಇತ್ತು. ಊರಿನಲ್ಲಿ ಅವರ ಗಂಡನಿಗೆ ಜನ ಹೊಡೆದರು.

ಅವರು ಕದ್ದಿರಲಿಲ್ಲ. 2021ರಲ್ಲಿ ಕೋರ್ಟೇ ಹಾಗಂತ ಒಪ್ಪಿ ಶಿಕ್ಷೆ ರದ್ದು ಮಾಡಿತು. ಹೊಟ್ಟೆಯಲ್ಲಿದ್ದ ಮಗುವಿಗೆ ಆಗ ಒಂಬತ್ತು ತುಂಬಿತ್ತು.

ದುಡ್ಡು ಎಲ್ಲಿ ಹೋಯ್ತು ಹಾಗಾದ್ರೆ? ಎಷ್ಟೋ ಕಡೆ ದುಡ್ಡು ಎಲ್ಲೂ ಹೋಗಿರಲೇ ಇಲ್ಲ. ಇಲ್ಲದ ದುಡ್ಡನ್ನು ಸಾಫ್ಟ್‌ವೇರ್ ‘ಇರಬೇಕು’ ಅಂತ ತೋರಿಸುತ್ತಿತ್ತು. ಒಂದು ಉದಾಹರಣೆ ಹೇಳ್ತೀನಿ. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಶಾಖೆಯಲ್ಲಿ ಒಬ್ಬರು 8,000 ಪೌಂಡನ್ನು ಇನ್ನೊಂದು ಕೌಂಟರಿಗೆ ಸಾಗಿಸಿದ್ದನ್ನು ದಾಖಲಿಸೋಕೆ ಹೋದರು. ಎಂಟರ್ ಒತ್ತಿದರು, ಸ್ಕ್ರೀನ್ ಅಲ್ಲಾಡಲಿಲ್ಲ. ಮತ್ತೆ ಒತ್ತಿದರು. ಮತ್ತೆ ಒತ್ತಿದರು. ಹೊರೈಜನ್ ಒಳಗೆ ಅದು ನಾಲ್ಕು ಸಲ ದಾಖಲಾಯಿತು. ಕೌಂಟರಿನಲ್ಲಿ ಇದ್ದದ್ದು 8,000, ಲೆಕ್ಕದ ಪ್ರಕಾರ ಇರಬೇಕಾದ್ದು 32,000. ಒಂದು ಗುಂಡಿ ಒತ್ತಿದ್ದಕ್ಕೆ 24,000 ಪೌಂಡ್ ಕೊರತೆ!

ನಾವು ಯುಪಿಐನಲ್ಲಿ ದುಡ್ಡು ಕಳಿಸುವಾಗ ಚಕ್ರ ಸುತ್ತುತ್ತಾ ಇದ್ದರೆ ‘ಇನ್ನೊಂದು ಸಲ ಒತ್ತಬೇಡ ಕಣೋ, ಎರಡು ಸಲ ಹೋಗುತ್ತೆ’ ಅಂತ ಪಕ್ಕದವರು ಹೇಳ್ತಾರಲ್ಲ, ಅದೇ ಕಥೆ. ಒಂದೇ ಕೋರಿಕೆ ಎರಡು ಸಲ ಬಂದರೆ ಒಂದೇ ಸಲ ಲೆಕ್ಕಕ್ಕೆ ತಗೋಬೇಕು ಅನ್ನೋದು ನಮ್ಮ ವೃತ್ತಿಯಲ್ಲಿ ಹೊಸಬರಿಗೆ ಕಲಿಸೋ ಪಾಠ.

ನಾನು ಆ ಪಾಠವನ್ನು ಬೇರೊಬ್ಬರ ಸಂಬಳದ ಮೇಲೆ ಕಲಿತೆ.

ಮೊದಲ ಕೆಲಸ. ಸೂಪರ್ ಮಾರ್ಕೆಟ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡೋ ಸಣ್ಣ ಕಂಪನಿ. ಉತ್ತರ ಕರ್ನಾಟಕದ ಒಂದು ಅಂಗಡಿಯಿಂದ ಟಿಕೆಟ್ ಬಂತು: ‘ಕೌಂಟರ್ 3ರಲ್ಲಿ 1,360 ರೂಪಾಯಿ ಶಾರ್ಟ್. ಕ್ಯಾಶಿಯರ್ ನನ್ನ ತಪ್ಪಿಲ್ಲ ಅಂತಿದಾಳೆ, ದಯವಿಟ್ಟು ಚೆಕ್ ಮಾಡಿ.’ ನಾನು ಲಾಗ್ ತೆಗೆದು ನೋಡಿದೆ. ಬಿಲ್‌ಗಳೆಲ್ಲ ಸರಿಯಾಗಿವೆ, ಮೊತ್ತ ಕೂಡುತ್ತಿದೆ, ಎರರ್ ಒಂದೂ ಇಲ್ಲ. ‘ಯೂಸರ್ ಎರರ್’ ಅಂತ ಬರೆದು ಕ್ಲೋಸ್ ಮಾಡಿದೆ. ಹತ್ತು ನಿಮಿಷದ ಕೆಲಸ. ಎರಡು ವಾರ ಬಿಟ್ಟು ಅದೇ ಕೌಂಟರಿಂದ ಮತ್ತೊಂದು. ಮತ್ತೆ ಕ್ಲೋಸ್. ಮೂರನೇದು ಬಂದಾಗ ಪಕ್ಕದ ಸೀಟಿನವನಿಗೆ ‘ಈಯಮ್ಮ ಬಿಡೋ ಹಾಗೆ ಕಾಣಲ್ಲ ಗುರೂ’ ಅಂತ ನಕ್ಕಿದ್ದು ನೆನಪಿದೆ.

ನಾಲ್ಕು ತಿಂಗಳಾದ ಮೇಲೆ ನಮ್ಮ ಸೀನಿಯರ್ ಒಬ್ಬರು ಬೇರೇನೋ ಹುಡುಕುವಾಗ ಸಿಕ್ಕಿಬಿತ್ತು. ಪ್ರಿಂಟರಿನಲ್ಲಿ ಪೇಪರ್ ರೋಲ್ ಖಾಲಿಯಾದಾಗ ರೋಲ್ ಬದಲಿಸಿ ‘ರೀಪ್ರಿಂಟ್’ ಒತ್ತಿದರೆ, ಕೆಲವು ಸಲ ಆ ಬಿಲ್ ಇನ್ನೊಂದು ನಂಬರಿನಲ್ಲಿ ಹೊಸ ಮಾರಾಟವಾಗಿ ದಾಖಲಾಗುತ್ತಿತ್ತು. ಗಿರಾಕಿ ಕೊಟ್ಟದ್ದು ಒಂದು ಸಲ, ನಮ್ಮ ಲೆಕ್ಕದಲ್ಲಿ ಎರಡು ಸಲ. ಲಾಗ್ ನೋಡಿದರೆ ಎಲ್ಲ ಸರಿ ಇರಲೇಬೇಕು, ಯಾಕಂದ್ರೆ ಲಾಗ್ ಬರೆಯೋದೂ ಅದೇ ಕೋಡು. ಕಳ್ಳನ ಮಾತಿಗೆ ಕಳ್ಳನೇ ಸಾಕ್ಷಿ!

ಅರ್ಧ ಗಂಟೆಯಲ್ಲಿ ಸರಿಮಾಡಿದೆವು. ಅಂಗಡಿಯ ಮ್ಯಾನೇಜರಿಗೆ ಫೋನ್ ಮಾಡಿ ಅಪ್‌ಡೇಟ್ ಹಾಕಿಸುವಾಗ, ಕೌಂಟರ್ 3ರವರಿಗೆ ಏನಾಯ್ತು ಅಂತ ಕೇಳಿದೆ. ‘ಅವ್ರು ಬಿಟ್ಟು ಹೋದ್ರರೀ. ಶಾರ್ಟ್ ಬಿದ್ದದ್ದು ಪಗಾರದಾಗ ಹಿಡಕೊಂಡ್ವಿ’ ಅಂದರು. ನಾನು ‘ಓಹ್, ಸರಿ ಸಾರ್’ ಅಂದೆ. ಅಷ್ಟೇ ಅಂದದ್ದು. ದುಡ್ಡು ವಾಪಸ್ ಕೊಡಿ, ಆಕೆಗೆ ಹೇಳಿ, ತಪ್ಪು ನಮ್ಮದು ಅಂತ ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ರಿಲೀಸ್ ನೋಟ್‌ನಲ್ಲಿ ‘ಸಣ್ಣಪುಟ್ಟ ದೋಷ ನಿವಾರಣೆ’ ಅಂತ ಒಂದು ಸಾಲು ಬಂತು.

ಹೊರೈಜನ್ ಬಗ್ಗೆ ಓದುವಾಗ ನನಗೆ ನಿದ್ದೆ ಕೆಟ್ಟಿದ್ದು ಇದಕ್ಕೇ. ಅಲ್ಲಿನ ಪಾತ್ರಗಳಲ್ಲಿ ನಾನು ಯಾರು ಅಂತ ಬೇಗ ಗೊತ್ತಾಗಿಬಿಟ್ಟಿತು.

ಸರಿ, ಸಾಫ್ಟ್‌ವೇರ್‌ನಲ್ಲಿ ತಪ್ಪು ಇರೋದು ಮಾಮೂಲು. ಆದರೆ ಅದು ಜೈಲಿನವರೆಗೆ ಹೇಗೆ ಮುಟ್ಟಿತು? ನಡುವೆ ತಡೆಯೋಕೆ ವಕೀಲರು, ತನಿಖಾಧಿಕಾರಿಗಳು, ಜ್ಯೂರಿ, ನ್ಯಾಯಾಧೀಶರು ಇಷ್ಟು ಜನ ಇದ್ದರಲ್ಲ?

ಮೊದಲನೆಯದು, ಕೇಸು ಹಾಕಿದ್ದು ಯಾರು ಅನ್ನೋದು. 1999ರಿಂದ 2015ರವರೆಗಿನ ಈ ಕೇಸುಗಳಲ್ಲಿ ಸುಮಾರು 700ನ್ನು ನಡೆಸಿದ್ದು ಪೋಲೀಸರಲ್ಲ, ಪೋಸ್ಟ್ ಆಫೀಸೇ. ಇಂಗ್ಲೆಂಡಿನಲ್ಲಿ ಖಾಸಗಿಯಾಗಿ ಕ್ರಿಮಿನಲ್ ಕೇಸ್ ನಡೆಸೋಕೆ ಅವಕಾಶ ಇದೆ. ಹಾಗಾಗಿ ದುಡ್ಡು ಕಳೆದುಕೊಂಡೆ ಅಂದವರೂ ಅವರೇ, ತನಿಖೆ ಮಾಡಿದವರೂ ಅವರೇ, ಕೋರ್ಟಿನಲ್ಲಿ ವಾದಿಸಿದವರೂ ಅವರೇ. ಹೊರಗಿನ ಕಣ್ಣು ಒಂದೂ ಇಲ್ಲ.

ಎರಡನೆಯದು, ಕಾನೂನು. ಇಂಗ್ಲೆಂಡಿನಲ್ಲಿ 1984ರ ಒಂದು ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ, ಕಂಪ್ಯೂಟರ್ ದಾಖಲೆಯನ್ನು ಸಾಕ್ಷಿಯಾಗಿ ತರೋರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ತೋರಿಸಬೇಕಿತ್ತು. ಇದು ಅನವಶ್ಯಕ ತಲೆನೋವು ಅಂತ ಆ ಸೆಕ್ಷನ್ನನ್ನು ತೆಗೆದುಹಾಕಿದರು. ಅದು ಜಾರಿಗೆ ಬಂದದ್ದು 2000ನೇ ಇಸವಿಯಲ್ಲಿ, ಹೊರೈಜನ್ ಊರೂರಿಗೆ ಬರುತ್ತಿದ್ದ ಹೊತ್ತಿನಲ್ಲೇ. ಆಮೇಲಿಂದ ಕೋರ್ಟು ಕಂಪ್ಯೂಟರ್ ಸರಿಯಾಗಿದೆ ಅಂತಲೇ ಭಾವಿಸಿ ಮುಂದುವರಿಯಬಹುದು. ಸರಿಯಿಲ್ಲ ಅನ್ನೋ ಆರೋಪಿ ಅದಕ್ಕೆ ಏನಾದರೂ ಆಧಾರ ತೋರಿಸಬೇಕು. ಅಂಗಡಿಯಲ್ಲಿ ಕೂತವರ ಹತ್ತಿರ ಕೋಡು ಇಲ್ಲ, ಸರ್ವರ್ ಇಲ್ಲ, ಬೇರೆ ಶಾಖೆಗಳಲ್ಲಿ ಏನಾಗುತ್ತಿದೆ ಅನ್ನೋ ಮಾಹಿತಿ ಇಲ್ಲ. ಎಲ್ಲಿಂದ ತರಬೇಕು ಆಧಾರ?

‘ನಿರಪರಾಧಿ ಅಂತ ಭಾವಿಸಿ ಶುರುಮಾಡು’ ಅನ್ನೋದು ಕ್ರಿಮಿನಲ್ ಕಾನೂನಿನ ಮೊದಲ ಪಾಠ. ಇಲ್ಲಿ ಆ ಗೌರವ ಸಿಕ್ಕಿದ್ದು ಯಂತ್ರಕ್ಕೆ.

ಮೂರನೆಯದು, ಗೊತ್ತಿದ್ದವರು ಹೇಳಲಿಲ್ಲ. ಸೀಮಾ ಅವರ ವಕೀಲರು ಹೊರೈಜನ್ ದಾಖಲೆಗಳನ್ನು ಮತ್ತೆ ಮತ್ತೆ ಕೇಳಿದರು, ಬೇಕಾದ್ದು ಪೂರ್ತಿ ಸಿಗಲಿಲ್ಲ. ಆ ವಿಚಾರಣೆ ಶುರುವಾಗೋ ಕೆಲವೇ ದಿನ ಮುಂಚೆ, ಸುಮಾರು 60 ಶಾಖೆಗಳ ಲೆಕ್ಕ ಕೆಡಿಸಿದ್ದ ಒಂದು ದೋಷದ ಬಗ್ಗೆ ಪೋಸ್ಟ್ ಆಫೀಸ್ ಮತ್ತು ಫುಜಿತ್ಸು ನಡುವೆ ಚರ್ಚೆ ಆಗಿತ್ತು. ಇದು ಹೊರಗೆ ಗೊತ್ತಾದರೆ ನಡೀತಿರೋ ಕೇಸುಗಳಿಗೆ ತೊಂದರೆ ಆಗಬಹುದು ಅಂತ ಆ ಟಿಪ್ಪಣಿಯಲ್ಲೇ ಬರೆದಿತ್ತು. ಸೀಮಾ ಅವರ ಪರ ವಕೀಲರಿಗೆ ಅದನ್ನು ಕೊಡಲಿಲ್ಲ. ಸಾಫ್ಟ್‌ವೇರ್ ಬಗ್ಗೆ ತಜ್ಞ ಸಾಕ್ಷಿಯಾಗಿ ಬಂದವರು ಅದೇ ಕಂಪನಿಯ ಎಂಜಿನಿಯರ್. 2013ರಲ್ಲಿ ಪೋಸ್ಟ್ ಆಫೀಸ್ ಪರವಾಗಿ ಕೆಲಸ ಮಾಡುತ್ತಿದ್ದ ವಕೀಲರೇ ಲಿಖಿತ ಸಲಹೆ ಕೊಟ್ಟರು: ಈ ಸಾಕ್ಷಿ ತನಗೆ ಗೊತ್ತಿದ್ದ ದೋಷಗಳನ್ನು ಕೋರ್ಟಿಗೆ ತಿಳಿಸಿಲ್ಲ, ಇವರನ್ನು ಇನ್ನು ಬಳಸಬಾರದು ಅಂತ. ಅದನ್ನೂ ಸೀಮಾ ಅವರಿಗೆ ಹೇಳಲಿಲ್ಲ. ಆ ಸಲಹೆಗೂ ಅವರ ಶಿಕ್ಷೆ ರದ್ದಾಗಿದ್ದಕ್ಕೂ ನಡುವೆ ಎಂಟು ವರ್ಷ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು: ತಪ್ಪು ಮಾಡದವರು ತಪ್ಪೊಪ್ಪಿಕೊಂಡದ್ದು.

ಹ್ಯಾಂಪ್‌ಷೈರಿನ ಒಂದು ಹಳ್ಳಿಯ ಜೋ ಹ್ಯಾಮಿಲ್ಟನ್ ಅವರಿಗೆ ಎರಡು ಸಾವಿರ ಪೌಂಡಿನ ಕೊರತೆ ಬಂತು. ಹೆಲ್ಪ್‌ಲೈನಿನವರು ಹೇಳಿದ ಹಾಗೆ ಗುಂಡಿ ಒತ್ತುತ್ತಾ ಹೋದರೆ ಕೊರತೆ ಕಣ್ಣೆದುರೇ ದುಪ್ಪಟ್ಟಾಯಿತು. ಲೆಕ್ಕ ಸರಿ ಇದೆ ಅಂತ ಒಪ್ಪಿಕೊಳ್ಳದೆ ಮುಂದಿನ ಅವಧಿಯ ವ್ಯವಹಾರ ಶುರುಮಾಡೋ ಹಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೀಬೇಕು, ಪಿಂಚಣಿಗೆ ಅಜ್ಜ ಅಜ್ಜಿಯರು ಬಂದು ನಿಲ್ತಾರೆ. ಹಾಗಾಗಿ ‘ಸರಿ ಇದೆ’ ಅಂತ ಒತ್ತಿದರು. ಆ ಒತ್ತಿದ್ದೇ ಸುಳ್ಳು ಲೆಕ್ಕದ ಅಪರಾಧ ಆಯ್ತು. ಕೊನೆಗೆ ಕೊರತೆ 36,000 ಪೌಂಡ್. ಕಳ್ಳತನದ ಆರೋಪ ಹೊತ್ತು ವಿಚಾರಣೆಗೆ ನಿಂತರೆ ಜೈಲಾಗಬಹುದು. ಸುಳ್ಳು ಲೆಕ್ಕ ಬರೆದೆ ಅಂತ ಒಪ್ಪಿಕೊಂಡು ದುಡ್ಡು ಕಟ್ಟಿದರೆ ಮನೆಗೆ ಹೋಗಬಹುದು. ನೀವಾಗಿದ್ರೆ ಏನು ಮಾಡ್ತಿದ್ರಿ? ಅವರು ಒಪ್ಪಿಕೊಂಡರು. ಊರಿನವರು ಚಂದಾ ಎತ್ತಿ ದುಡ್ಡು ಕಟ್ಟೋಕೆ ನೆರವಾದರು, ಶಿಕ್ಷೆ ಹೇಳೋ ದಿನ ಕೋರ್ಟಿಗೂ ಬಂದು ಕೂತರು. ಕಾನೂನಿಗೆ ಕಾಣದೇ ಇದ್ದದ್ದು ಹಳ್ಳಿಯವರಿಗೆ ಕಂಡಿತ್ತು.

ತಪ್ಪೊಪ್ಪಿಗೆ ಆದಮೇಲೆ ಸಾಕ್ಷಿಯನ್ನು ಯಾರೂ ಕೆದಕಲ್ಲ. ಹೀಗೆ ಒಂದೊಂದು ಶಿಕ್ಷೆಯೂ ‘ನೋಡಿ, ಹೊರೈಜನ್ ಸರಿಯಾಗೇ ಇದೆ’ ಅನ್ನೋದಕ್ಕೆ ಇನ್ನೊಂದು ಪುರಾವೆ ಆಗ್ತಾ ಹೋಯ್ತು.

ಇಷ್ಟು ವರ್ಷ ಇದು ನಡೆದದ್ದು ಒಂದೇ ಒಂದು ವಾಕ್ಯದ ಬಲದಿಂದ. ಸಹಾಯ ಕೇಳಿ ಫೋನ್ ಮಾಡಿದ ಎಷ್ಟೋ ಜನಕ್ಕೆ ಸಿಕ್ಕ ಉತ್ತರ: ‘ಬೇರೆ ಯಾರಿಗೂ ಈ ಸಮಸ್ಯೆ ಇಲ್ಲ, ನಿಮಗೊಬ್ಬರಿಗೇ.’ ನೂರಾರು ಜನ, ಬೇರೆ ಬೇರೆ ಊರಿನಲ್ಲಿ, ನಾನೊಬ್ಬನೇ ದಡ್ಡ ಅಂತ ಒಳಗೊಳಗೇ ಕೊರಗಿದರು. ಆ ವಾಕ್ಯವನ್ನು ಮುರಿದದ್ದು ವೇಲ್ಸ್‌ನಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದ ಅಲನ್ ಬೇಟ್ಸ್. ಲೆಕ್ಕ ಒಪ್ಪದ ಕಾರಣಕ್ಕೆ 2003ರಲ್ಲಿ ಅವರ ಗುತ್ತಿಗೆ ಹೋಯಿತು. 2009ರಲ್ಲಿ ‘ಕಂಪ್ಯೂಟರ್ ವೀಕ್ಲಿ’ ಪತ್ರಿಕೆ ಏಳು ಜನರ ಕಥೆ ಬರೆಯಿತು. ಅದೇ ವರ್ಷ ಬೇಟ್ಸ್ ಫೆನ್ನಿ ಕಾಂಪ್ಟನ್ ಅನ್ನೋ ಹಳ್ಳಿಯ ಸಮುದಾಯ ಭವನದಲ್ಲಿ ಒಂದು ಸಭೆ ಕರೆದರು. ‘ನೀವೊಬ್ಬರೇ’ ಅನಿಸಿಕೊಂಡಿದ್ದವರು ಒಂದೇ ಕೋಣೆಯಲ್ಲಿ ಮುಖ ಮುಖ ನೋಡಿಕೊಂಡರು.

ಅಲ್ಲಿಂದ ಹತ್ತು ವರ್ಷ ಹಿಡಿಯಿತು. 555 ಜನ ಸೇರಿ ಹೂಡಿದ ದಾವೆಯಲ್ಲಿ ಪೋಸ್ಟ್ ಆಫೀಸ್ ಒಂದೊಂದಾಗಿ ಒಪ್ಪಿಕೊಳ್ಳಬೇಕಾಯಿತು. ಶಾಖೆಯ ಲೆಕ್ಕವನ್ನು ದೂರದಿಂದ ಯಾರೂ ಮುಟ್ಟೋಕಾಗಲ್ಲ ಅಂತ ವರ್ಷಗಟ್ಟಲೆ ಹೇಳಿದ್ದರು. ಫುಜಿತ್ಸು ಸಿಬ್ಬಂದಿ ಮುಟ್ಟಬಹುದಿತ್ತು ಅನ್ನೋದು ಹೊರಬಂತು. 2019ರ ಡಿಸೆಂಬರ್‌ನಲ್ಲಿ ಹೈಕೋರ್ಟ್, ಹೊರೈಜನ್‌ನ ದೋಷಗಳಿಂದ ಕೊರತೆ ಬಂದಿರಬಹುದು, ಬಂದಿತ್ತು ಅಂತ ತೀರ್ಪು ಕೊಟ್ಟಿತು. ರಾಜಿಯಲ್ಲಿ ಸಿಕ್ಕ 5 ಕೋಟಿ 77 ಲಕ್ಷ ಪೌಂಡಿನಲ್ಲಿ ಬಹುಪಾಲು ದಾವೆಯ ಖರ್ಚಿಗೇ ಹೋಯ್ತು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಒಂದೇ ದಿನ 39 ಜನರ ಶಿಕ್ಷೆ ರದ್ದು ಮಾಡಿತು. 2024ರ ಜನವರಿಯಲ್ಲಿ ಟಿವಿಯಲ್ಲಿ ಬಂದ ನಾಲ್ಕು ಕಂತಿನ ಧಾರಾವಾಹಿ ನೋಡಿ ದೇಶವೇ ಕುದ್ದುಹೋಯಿತು, ಮೇ ತಿಂಗಳಲ್ಲಿ ಸಂಸತ್ತು ಕಾನೂನನ್ನೇ ಮಾಡಿ ಉಳಿದವರನ್ನು ಒಟ್ಟಿಗೆ ಖುಲಾಸೆಗೊಳಿಸಿತು. ಕೋರ್ಟುಗಳಿಗೆ ಇಪ್ಪತ್ತು ವರ್ಷ ಆಗದ್ದು ಒಂದು ಧಾರಾವಾಹಿಯಿಂದ ಐದು ತಿಂಗಳಲ್ಲಿ ಆಯ್ತು. ಖುಷಿಪಡಬೇಕೋ ಹೆದರಬೇಕೋ ಗೊತ್ತಾಗಲ್ಲ.

2025ರ ಜುಲೈನಲ್ಲಿ ಬಂದ ಸಾರ್ವಜನಿಕ ವಿಚಾರಣೆಯ ಮೊದಲ ವರದಿ ಪ್ರಕಾರ, ಈ ಸಂಕಟದಿಂದ ಕನಿಷ್ಠ 13 ಜನ ಪ್ರಾಣ ಕಳೆದುಕೊಂಡಿರಬಹುದು. ಅವರಿಗೆ ಯಾವ ಕಾನೂನಿನ ಖುಲಾಸೆ?

ನಮ್ಮಲ್ಲಿ ಹೇಗೆ ಅಂತ ನೀವು ಕೇಳಬಹುದು. 2024ರ ಜುಲೈನಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಒಂದು ಸರ್ಟಿಫಿಕೇಟ್ ಬೇಕು. ಹಳೇ ಕಾಯ್ದೆಯಲ್ಲಿ ಇದು 65ಬಿ ಸೆಕ್ಷನ್. ಆ ನಮೂನೆಯಲ್ಲಿ ಕಂಪ್ಯೂಟರ್ ಆಗ ಸರಿಯಾಗಿ ಕೆಲಸ ಮಾಡುತ್ತಿತ್ತು ಅನ್ನೋ ಅರ್ಥದ ಸಾಲಿದೆ, ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಬರೀಬೇಕು. ಇಂಗ್ಲೆಂಡ್ ಕಿತ್ತುಹಾಕಿದ ಜಾತಿಯ ಬೇಲಿ ನಮ್ಮಲ್ಲಿ ಇನ್ನೂ ಇದೆ, ಒಳ್ಳೆಯದು. ಆದರೆ ಹ್ಯಾಶ್ ಹೇಳೋದು ಫೈಲನ್ನು ಆಮೇಲೆ ಯಾರೂ ತಿದ್ದಿಲ್ಲ ಅಂತ ಮಾತ್ರ. ಫೈಲಿನೊಳಗೆ ಇರೋದು ನಿಜವೋ ಸುಳ್ಳೋ ಅದು ಹೇಳಲ್ಲ. ಎರಡು ಸಲ ದಾಖಲಾದ ನನ್ನ ಬಿಲ್ಲಿನ ಹ್ಯಾಶ್ ಕೂಡ ಪಕ್ಕಾ ಇರುತ್ತಿತ್ತು. ಆ ‘ಸರಿಯಾಗಿ ಕೆಲಸ ಮಾಡುತ್ತಿತ್ತು’ ಅನ್ನೋ ಸಾಲಿಗೆ ಸಹಿ ಹಾಕೋರು ನಮ್ಮ ನಿಮ್ಮಂಥ ಐಟಿಯವರೇ. ಎಚ್‌ಆರ್ ಕಳಿಸೋ ಪಿಡಿಎಫ್‌ಗೆ ಹಾಕೋ ಹಾಗೆ ಓದದೇ ಹಾಕಿದರೆ ಬೇಲಿ ಇದ್ದೂ ಇಲ್ಲದ ಹಾಗೆ.

ಈಗ ನಾನು ‘ಯೂಸರ್ ಎರರ್’ ಅಂತ ಟಿಕೆಟ್ ಮುಚ್ಚೋ ಮುಂಚೆ ಎರಡು ಕೆಲಸ ಮಾಡ್ತೀನಿ. ಇದೇ ದೂರು ಬೇರೆ ಕಡೆಯಿಂದ ಬಂದಿದೆಯಾ ಅಂತ ಹುಡುಕ್ತೀನಿ. ದೂರು ಕೊಟ್ಟವರಿಗೆ ಫೋನ್ ಮಾಡಿ, ಆ ಹೊತ್ತಿನಲ್ಲಿ ಏನು ಒತ್ತಿದ್ರಿ ಅಂತ ಕೇಳ್ತೀನಿ. ಹೆಚ್ಚೆಂದರೆ ಇಪ್ಪತ್ತು ನಿಮಿಷ ಹಿಡಿಯುತ್ತೆ. ಹತ್ತರಲ್ಲಿ ಎಂಟು ಸಲ ಅವರದ್ದೇ ತಪ್ಪಿರುತ್ತೆ, ಒಪ್ಪಿದೆ. ಉಳಿದ ಎರಡು ನಮ್ಮದು.

ಈ ಅಂಕಣ ಬರೆಯೋಕೆ ಕೂತಾಗ ಆ ಹಳೇ ಅಂಗಡಿಗೆ ಫೋನ್ ಮಾಡಿದೆ. ಮ್ಯಾನೇಜರ್ ಬದಲಾಗಿದ್ದಾರೆ. ಕೌಂಟರ್ 3ರಲ್ಲಿ ಆಗ ಯಾರಿದ್ದರು ಅಂತ ಅವರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಮೂರು ಟಿಕೆಟ್‌ನಲ್ಲೂ ಎಲ್ಲೂ ಅವರ ಹೆಸರಿರಲಿಲ್ಲ, ನಾನು ಕೇಳಿರಲೂ ಇಲ್ಲ. ಹಳೇ ರಿಜಿಸ್ಟರ್ ಸಿಕ್ಕರೆ ನೋಡಿ ಹೇಳ್ತೀನಿ ಅಂತ ಹೊಸ ಮ್ಯಾನೇಜರ್ ನನ್ನ ನಂಬರ್ ಬರ್ಕೊಂಡಿದ್ದಾರೆ. ಮುಂದಿನ ವಾರ ಮತ್ತೆ ಫೋನ್ ಮಾಡ್ತೀನಿ.